ಐದು ಗಜದ ಗೆರೆ

ಆಲ್ವಾ ಕ್ರೊವೆಲ್ ನಮ್ಮ ಮನೆಗೆ ಬಂದದ್ದು ಸಾವಿರದ ಎಂಟುನೂರ ತೊಂಬತ್ತೆರಡನೇ ಇಸವಿಯ ಸೆಪ್ಟೆಂಬರಿನಲ್ಲಿ. ಕೈಯಲ್ಲಿ ಹಗ್ಗ ಬಿಗಿದ ತಗಡಿನ ಪೆಟ್ಟಿಗೆ, ಕಾಲಲ್ಲಿ ಅವನ ಅಪ್ಪನ ಬೂಟು. ನಮ್ಮೂರಿನ ಬ್ರೆಂಟ್‌ಫೀಲ್ಡ್ ಕಾಲೇಜಿಗೆ ಸೇರಲು ಹಳ್ಳಿಗಳಿಂದ ಬರುವವರಿಗೆ ಊರಿನವರು ಮನೆಯಲ್ಲಿ ಕೋಣೆ ಕೊಡುವುದು ರೂಢಿ. ನನ್ನ ಅಪ್ಪ ತೀರಿಕೊಂಡ ಮೇಲೆ ಅಮ್ಮನೂ ಮಹಡಿಯ ಕೋಣೆಯೊಂದನ್ನು ಹಾಗೆ ಕೊಡುತ್ತಿದ್ದಳು. ನಾನೂ ಅದೇ ವರ್ಷ ಅದೇ ಕಾಲೇಜಿಗೆ ಸೇರಿದ್ದೆ. ಅವನ ಕೋಣೆಗೂ ನನ್ನದಕ್ಕೂ ನಡುವೆ ಒಂದು ಹಲಗೆಯ ಗೋಡೆ ಮಾತ್ರ. ಅವನು ಮಗ್ಗುಲು ಬದಲಿಸಿದರೂ ನನಗೆ ಕೇಳುತ್ತಿತ್ತು.

ಮೊದಲ ಭಾನುವಾರ ಅಮ್ಮ ಸೇಬಿನ ಪೈ ಮಾಡಿದ್ದಳು. ಕೊಯ್ದು ಬಡಿಸುವಾಗ ದೊಡ್ಡ ತುಂಡು ಅವನ ತಟ್ಟೆಗೆ ಹೋಯಿತು. ಅವನು ಕೈತೊಳೆಯಲು ಎದ್ದಾಗ ಅವನಿಗೇಕೆ ದೊಡ್ಡದು ಎಂದು ನಾನು ಅಮ್ಮನನ್ನು ಕೇಳಿದೆ.

"ಅವನಿಗೆ ತಾಯಿ ಇಲ್ಲ ಕಣೋ" ಅಂದಳು.

"ನನಗೆ ಅಪ್ಪ ಇಲ್ಲ."

"ನಿನಗೆ ನಾನಿದೀನಲ್ಲ. ತೆಪ್ಪಗೆ ತಿನ್ನು."

ಆಗ ನನಗೆ ಹತ್ತೊಂಬತ್ತು ತುಂಬಿತ್ತು. ಬಾಗಿಲಿನಲ್ಲಿ ನಿಂತರೆ ಬೆಳಕು ಒಳಗೆ ಬರದಷ್ಟು ಅಗಲದ ಆಳು. ಅಂಥವನು ಪೈಯ ತುಂಡನ್ನು ಕಣ್ಣಲ್ಲೇ ಅಳೆಯುತ್ತ ಕೂತಿದ್ದೆ. ನನ್ನ ಹೊಟ್ಟೆಕಿಚ್ಚು ಶುರುವಾದದ್ದು ಅಲ್ಲಿಂದ ಎಂದರೆ ನೀವು ನಗಬಹುದು. ನಾನು ಮಾತ್ರ ಆಗ ನಗಲಿಲ್ಲ.

ಆ ಅಕ್ಟೋಬರಿನಲ್ಲಿ ಇಬ್ಬರೂ ಫುಟ್‌ಬಾಲ್ ತಂಡಕ್ಕೆ ಸೇರಿದೆವು. ನಮ್ಮ ಅಮೆರಿಕದ ಈ ಆಟದಲ್ಲಿ ಚೆಂಡನ್ನು ಕೈಯಲ್ಲಿ ಹಿಡಿದೇ ಎದುರಿನವರ ಕೊನೆಯ ಗೆರೆ ದಾಟಿಸಬೇಕು. ಆಗಿನ ಆಟದಲ್ಲಿ ತಲೆಗೆ ರಕ್ಷಣೆ ಎಂದರೆ ತಲೆಗೂದಲೇ. ಬೇಸಿಗೆಯಿಂದಲೇ ಕೂದಲು ಬೆಳೆಸುತ್ತಿದ್ದೆವು. ನನ್ನನ್ನು ಸಾಲಿನ ನಡುವೆ ಗಾರ್ಡ್ ಜಾಗದಲ್ಲಿ ನಿಲ್ಲಿಸಿದರು. ಆ ಜಾಗದಲ್ಲಿ ನಿಂತವನ ಕೈಗೆ ಚೆಂಡು ಬರುವುದೇ ಇಲ್ಲ. ಎದುರಿಗೆ ನಿಂತವನನ್ನು ಕೆಡವಿ ದಾರಿ ಮಾಡುವುದು ಅವನ ಕೆಲಸ. ಆ ದಾರಿಯಲ್ಲಿ ಚೆಂಡನ್ನು ಬಗಲಲ್ಲಿ ಅವುಚಿಕೊಂಡು ಓಡುವವನು ಬೇರೆ. ನಮ್ಮ ತಂಡದಲ್ಲಿ ಓಡುವವನು ಆಲ್ವಾ.

ಅವನ ಓಟವನ್ನು ಹೇಗೆ ಹೇಳಲಿ. ಜೋರಾಗಿ ಓಡುವವರು ಬೇರೆಯವರೂ ಇದ್ದರು. ಇವನು ಓಡುವಾಗ ಹಿಡಿಯಲು ಬಂದವನು ತಾನಾಗಿಯೇ ತಪ್ಪು ಕಡೆಗೆ ಬೀಳುತ್ತಿದ್ದ. ನಾಲ್ಕು ವರ್ಷ ನಾನು ಅದನ್ನು ನೋಡಿದ್ದು ನೆಲದ ಮೇಲೆ ಮಲಗಿ, ಯಾರದೋ ಮೊಣಕೈಯ ಸಂದಿಯಿಂದ.

ತೊಂಬತ್ತೈದರ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ಲಿನ್‌ಡೇಲ್ ಕಾಲೇಜಿನವರ ಮೇಲೆ ಆಟ. ಲಿನ್‌ಡೇಲ್ ನಮ್ಮ ಹಳೆಯ ಹಗೆ, ರೈಲಿನಲ್ಲಿ ಎರಡು ಗಂಟೆಯ ದಾರಿ. ಕೊನೆಗಳಿಗೆಯಲ್ಲಿ ಆಲ್ವಾ ಎಂಬತ್ತು ಗಜ ಓಡಿ ಗೆಲ್ಲಿಸಿದ. ಆ ಓಟದ ಮೊದಲ ಹತ್ತು ಗಜದಲ್ಲಿ ಇಬ್ಬರನ್ನು ಕೆಡವಿದವನು ನಾನು. ಎರಡನೆಯವನು ನನ್ನ ಮೇಲೆ ಬಿದ್ದು ನನ್ನ ಕೊರಳೆಲುಬು ಮುರಿಯಿತು. ಜನ ಮೈದಾನಕ್ಕೆ ನುಗ್ಗಿದರು, ಆಲ್ವಾನನ್ನು ಹೆಗಲ ಮೇಲೆ ಹೊತ್ತರು. ಹೊರಲು ಓಡುವ ಅವಸರದಲ್ಲಿ ಒಬ್ಬ ನನ್ನ ಕೈಯನ್ನು ತುಳಿದುಕೊಂಡೇ ಹೋದ.

ಮರುದಿನದ ಪತ್ರಿಕೆಯಲ್ಲಿ 'ಕ್ರೊವೆಲ್ ಒಬ್ಬನೇ ಗೆದ್ದ' ಎಂದು ಬಂತು. ಅವನು ಅದನ್ನು ಹಿಡಿದುಕೊಂಡು ನನ್ನ ಹಾಸಿಗೆಯ ಪಕ್ಕಕ್ಕೆ ಬಂದ.

"ಒರಿನ್, ನಿನ್ನ ಹೆಸರು ಎರಡು ಸಲ ಹೇಳಿದ್ದೆ ಕಣೋ ಆ ಪೇಪರ್‌ನೋನಿಗೆ. ಕಾಗುಣಿತಾನೂ ಬಿಡಿಸಿ ಹೇಳಿದೆ. ಹಾಕಿಲ್ಲ ನೋಡು."

"ಹೋಗ್ಲಿ ಬಿಡು."

"ಬಿಡೋದೇನು? ನೀನಿಲ್ದೇ ಇದ್ರೆ ನಾನು ಅಲ್ಲೇ ಬೀಳ್ತಿದ್ದೆ."

ಅವನು ನಿಜವಾಗಿಯೂ ಹೇಳಿದ್ದ. ಅದೇ ನನ್ನ ಕಷ್ಟ. ಜಂಬದವನಾಗಿದ್ದರೆ ದ್ವೇಷಿಸಿ ಹಗುರಾಗುತ್ತಿದ್ದೆ. ಅವನು ಒಳ್ಳೆಯವನಾದದ್ದರಿಂದ ಆ ಉರಿಗೆ ಹೊಗೆ ಹೋಗಲು ಕಿಂಡಿಯೇ ಇರಲಿಲ್ಲ. ಅಮ್ಮ ಆ ಪತ್ರಿಕೆಯ ತುಂಡನ್ನು ಕತ್ತರಿಸಿ ಬೈಬಲ್ಲಿನೊಳಗೆ ಇಟ್ಟಳು.

ಓದು ಮುಗಿದ ಮೇಲೆ ಅವನು ಪಶ್ಚಿಮಕ್ಕೆ ಹೋದ. ಕಾನ್ಸಾಸಿನ ಒಂದು ಕಾಲೇಜಿಗೆ ಕೋಚ್ ಆದ, ಅಲ್ಲಿಂದ ಇನ್ನೊಂದಕ್ಕೆ. ಹೋದಲ್ಲೆಲ್ಲ ಸೋಲುವ ತಂಡಗಳು ಗೆಲ್ಲತೊಡಗಿದವು. ನಾನು ಊರಲ್ಲೇ ಉಳಿದು ಕೌಂಟಿಯ ಸರ್ವೇಯರ್ ಆದೆ. ಸರಪಳಿ, ದುರ್ಬೀನು ಹೊತ್ತುಕೊಂಡು ಹೊಲದ ಎಲ್ಲೆ ಅಳೆದು ಕಲ್ಲು ನೆಡಿಸುವ ಕೆಲಸ. ನನ್ನ ಅಳತೆಯನ್ನು ಯಾರೂ ಕೋರ್ಟಿನಲ್ಲಿ ಅಲ್ಲಗಳೆದದ್ದಿಲ್ಲ. ಅದೊಂದು ಹೆಮ್ಮೆ ನನಗಿತ್ತು.

ಅಮ್ಮ ಸಾವಿರದ ಒಂಬೈನೂರ ಮೂರರಲ್ಲಿ ಹಾಸಿಗೆ ಹಿಡಿದಳು. ಎರಡು ತಿಂಗಳು ನಾನೂ ನನ್ನ ಹೆಂಡತಿ ಹೆಸ್ಟರಳೂ ಸರದಿಯ ಮೇಲೆ ಕೂತು ನೋಡಿಕೊಂಡೆವು. ಒಂದು ಬೆಳಿಗ್ಗೆ ಚಮಚದಲ್ಲಿ ಸಾರು ಕುಡಿಸುತ್ತಿದ್ದೆ. ಅಮ್ಮ ನನ್ನ ಮುಖ ನೋಡಿ, "ಆಲ್ವಾ ಕಾಗದ ಬಂತಾ?" ಎಂದು ಕೇಳಿದಳು. ಅವಳು ನನ್ನೊಡನೆ ಆಡಿದ ಕಡೆಯ ಮಾತು ಅದು.

ಅವನು ಎರಡು ದಿನ ರೈಲಿನಲ್ಲಿ ಕೂತು ಅಂತ್ಯಕ್ರಿಯೆಗೆ ಬಂದ. ಗೋರಿಯ ಬಳಿ ಬಿಕ್ಕಿಬಿಕ್ಕಿ ಅತ್ತ. ನನಗೆ ಅಳು ಬರಲಿಲ್ಲ. ನೆರೆಹೊರೆಯ ಹೆಂಗಸರು ಅವನ ಬೆನ್ನು ಸವರಿ ಸಮಾಧಾನ ಮಾಡಿದರು. ನಾನು ಟೋಪಿ ಹಿಡಿದುಕೊಂಡು ಮಗನಲ್ಲದವನ ಹಾಗೆ ಬದಿಗೆ ನಿಂತಿದ್ದೆ.

ಅವತ್ತು ಮನೆಗೆ ಬಂದ ಮೇಲೆ ನಾನು ಅವನ ಬಗ್ಗೆಯೇ ಗೊಣಗುತ್ತಿದ್ದೆ. ಹೆಸ್ಟರ್ ತಟ್ಟೆ ಒರೆಸುತ್ತ ಅಂದಳು, "ನಿನಗೆ ಮದುವೆ ಆಗಿರೋದು ನನ್ನ ಜೊತೆ ಅಲ್ಲ ಒರಿನ್, ಅವನ ಜೊತೆ. ಬೆಳಿಗ್ಗೆ ಎದ್ದರೆ ಅವನ ಹೆಸರು, ಮಲಗೋವಾಗ ಅವನ ಹೆಸರು. ನನಗೆ ಯಾರಾದ್ರೂ ಇಷ್ಟು ನಿಷ್ಠೆಯಿಂದ ಇದ್ದಿದ್ರೆ ಸಾಕಿತ್ತು."

ಆ ಹೊತ್ತಿಗೆ ಶನಿವಾರಗಳಂದು ನಾನು ಸುತ್ತಲ ಕಾಲೇಜುಗಳ ಆಟಗಳಿಗೆ ರೆಫರಿಯಾಗಿ ಹೋಗುತ್ತಿದ್ದೆ. ಹಳೆಯ ಆಟಗಾರ, ಮೇಲಾಗಿ ಸರ್ವೇಯರ್, ಆದ್ದರಿಂದ ಎರಡೂ ಕಡೆಯವರು ಒಪ್ಪುತ್ತಿದ್ದರು. ಒಂಬೈನೂರ ಐದರಲ್ಲಿ ಆಲ್ವಾ ತಿರುಗಿ ನಮ್ಮ ಒಹಾಯೋ ರಾಜ್ಯಕ್ಕೆ ಬಂದ, ಅದೂ ಲಿನ್‌ಡೇಲ್ ಕಾಲೇಜಿನ ಕೋಚ್ ಆಗಿ. ಹಗೆಯವರ ಊಟ ಉಂಡ ಎಂದು ನಮ್ಮೂರಿನವರು ಸ್ವಲ್ಪ ದಿನ ಗೊಣಗಿದರು. ಅವನು ಒಂದು ಭಾನುವಾರ ಬಂದು ಚರ್ಚಿನ ಮುಂದೆ ನಿಂತು ಎಲ್ಲರ ಕೈ ಕುಲುಕಿದ. ಗೊಣಗಾಟ ಅಲ್ಲಿಗೇ ನಿಂತಿತು. ಅವನ ಕೆಲಸಗಳೆಲ್ಲ ಹಾಗೆಯೇ ಆಗುತ್ತಿದ್ದವು.

ಮರುವರ್ಷ ಆಟದ ನಿಯಮಗಳು ಬದಲಾದವು. ಮೈದಾನಗಳಲ್ಲಿ ಹುಡುಗರು ಸಾಯುವುದು ಹೆಚ್ಚಾಗಿತ್ತು. ಗುಂಪುಗೂಡಿ ನುಗ್ಗುವುದನ್ನು ತಗ್ಗಿಸಬೇಕೆಂದು ಚೆಂಡನ್ನು ಮುಂದಕ್ಕೆ ಎಸೆಯಲು ಅನುಮತಿ ಕೊಟ್ಟರು. ಆದರೆ ಕಟ್ಟಳೆ ಇತ್ತು. ಚೆಂಡು ಎದ್ದ ಜಾಗದಿಂದ ಎಡಕ್ಕೋ ಬಲಕ್ಕೋ ಐದು ಗಜವಾದರೂ ಸರಿದು ಎರಡು ತಂಡಗಳ ನಡುವಿನ ಸಾಲನ್ನು ದಾಟಬೇಕು. ಅದಕ್ಕಿಂತ ಒಳಗೆ ದಾಟಿದರೆ ಎಸೆತ ರದ್ದು, ಚೆಂಡು ಎದುರಿನವರಿಗೆ. ಅದಕ್ಕಾಗಿ ಮೈದಾನಕ್ಕೆ ಅಡ್ಡಲಾಗಿಯೂ ಉದ್ದಕ್ಕೂ ಸುಣ್ಣದ ಗೆರೆ ಎಳೆಯುತ್ತಿದ್ದರು. ಚದುರಂಗದ ಹಲಗೆಯಂತೆ ಕಾಣುತ್ತಿತ್ತು. ಈ ಎಸೆತವನ್ನು ಹಳೆಯ ಕೋಚುಗಳು ಹೆಂಗಸರ ಆಟ ಎಂದು ಜರೆದರು. ಆಲ್ವಾ ತನ್ನ ಹುಡುಗರಿಗೆ ಬೇಸಿಗೆಯೆಲ್ಲ ಅದನ್ನೇ ಕಲಿಸಿದ.

ಒಂಬೈನೂರ ಏಳರಲ್ಲಿ ಲಿನ್‌ಡೇಲ್ ಒಂದೂ ಆಟ ಸೋಲಲಿಲ್ಲ. ಕಡೆಯ ಆಟ ಮಾರ್ಷ್ ಕಾಲೇಜಿನ ಮೇಲೆ, ಲಿನ್‌ಡೇಲಿನ ಮೈದಾನದಲ್ಲೇ. ರೆಫರಿ ಯಾರು ಎಂದು ಚರ್ಚೆಯಾದಾಗ ಲಿನ್‌ಡೇಲಿನವರು ಬ್ರೆಂಟ್‌ಫೀಲ್ಡಿನವನು ಬೇಡ ಅಂದರಂತೆ. ನನ್ನ ಹೆಸರು ಸೂಚಿಸಿ ಒಪ್ಪಿಸಿದವನು ಆಲ್ವಾನೇ. "ಒರಿನ್ ಟೇಟ್‌ಗಿಂತ ನೇರವಾದ ಕಣ್ಣು ಈ ರಾಜ್ಯದಲ್ಲಿಲ್ಲ" ಅಂದನಂತೆ. ಅದನ್ನು ಕೇಳಿ ನನಗೆ ಸಂತೋಷವಾಗಲಿಲ್ಲ. ಇವನು ಕೊಟ್ಟ ಕೆಲಸವನ್ನು ನಾನು ಮಾಡಬೇಕಾಯಿತಲ್ಲ ಅನ್ನಿಸಿತು.

ಅಂದು ಹಿಮ ಬೆರೆತ ಮಳೆ. ಮೈದಾನ ಕೆಸರಾಗಿ ಗೆರೆಗಳು ಅಲ್ಲಲ್ಲಿ ಅಳಿಸಿದ್ದವು. ಮಾರ್ಷ್ ಆರು, ಲಿನ್‌ಡೇಲ್ ಐದು. ಇನ್ನೆರಡು ನಿಮಿಷ ಉಳಿದಿತ್ತು. ಲಿನ್‌ಡೇಲಿನ ಹುಡುಗ ಚೆಂಡು ಹಿಡಿದು ಬಲಕ್ಕೆ ಓಡಿ, ಹಿಮ್ಮಡಿ ಊರಿ ನಿಂತು ಎಸೆದ. ಆ ಕಡೆಯಲ್ಲಿದ್ದವನು ಅದನ್ನು ಎದೆಗೆ ಅಪ್ಪಿ ಕೊನೆಯ ಗೆರೆ ದಾಟಿದ. ನಾಲ್ಕು ಸಾವಿರ ಜನ ಒಟ್ಟಿಗೆ ಕೂಗಿದರು.

ನಾನು ನೋಡಲಿಲ್ಲ. ಎಸೆಯುವ ಕ್ಷಣಕ್ಕೆ ಮಾರ್ಷ್‌ನ ಒಬ್ಬ ದೈತ್ಯ ನನ್ನ ಮುಂದೆಯೇ ಬಿದ್ದ. ಕೆಸರು ಕಣ್ಣಿಗೆ ಹಾರಿತು. ಒರೆಸಿಕೊಂಡು ನೋಡುವಾಗ ಚೆಂಡು ಆಗಲೇ ಆಚೆಗಿತ್ತು. ಅನುಮಾನವಿದ್ದರೆ ನಡೆದುಹೋಗಿ ಹುಡುಗ ಕಾಲೂರಿದ ಗುರುತು ನೋಡಬಹುದಿತ್ತು. ನೋಡುವ ಬದಲು ನಾನು ತಲೆಯೆತ್ತಿ ಬದಿಯಲ್ಲಿ ನಿಂತಿದ್ದ ಆಲ್ವಾನನ್ನು ನೋಡಿದೆ. ಅವನು ಕುಣಿಯುತ್ತಿರಲಿಲ್ಲ, ಕೂಗುತ್ತಿರಲಿಲ್ಲ. ಮಳೆಗೆ ಮುಖವೊಡ್ಡಿ, ಕಣ್ಣು ಮುಚ್ಚಿಕೊಂಡು ಸುಮ್ಮನೆ ನಿಂತಿದ್ದ. ಆ ಮುಖದಲ್ಲಿ ಎಷ್ಟು ಸುಖವಿತ್ತೆಂದರೆ, ಇಷ್ಟು ಸುಖ ನನಗೆ ಒಂದು ದಿನವಾದರೂ ಸಿಕ್ಕಿದೆಯೇ ಎಂದು ನೆನಪು ಮಾಡಿಕೊಳ್ಳಲು ನೋಡಿದೆ. ನೆನಪಾಗಲಿಲ್ಲ. ಸೀಟಿ ಊದಿದೆ.

ಲಿನ್‌ಡೇಲಿನ ಕ್ಯಾಪ್ಟನ್ ಓಡಿ ಬಂದ. "ಯಾಕೆ ಸಾರ್?"

"ಐದು ಗಜದ ಒಳಗೆ ದಾಟಿದೆ. ಎಸೆತ ರದ್ದು."

"ಒಳಗೇ? ಎಷ್ಟು ಸಾರ್ ಇತ್ತು?"

"ನಾಲ್ಕೂವರೆ."

ಆ ಅರ್ಧವನ್ನು ಸೇರಿಸಿದ್ದು ಯಾಕೆಂದು ಗೊತ್ತೇ ಇದೆ. ನಾಲ್ಕು ಅಂದರೆ ಅಂದಾಜು ಅನ್ನಿಸುತ್ತದೆ, ನಾಲ್ಕೂವರೆ ಅಂದರೆ ಯಾರೋ ಅಳೆದ ಹಾಗಿರುತ್ತದೆ.

ಜನಕ್ಕೆ ವಿಷಯ ತಿಳಿಯಲು ಒಂದು ನಿಮಿಷ ಹಿಡಿಯಿತು. ಆಮೇಲೆ ಬೇಲಿ ಮುರಿಯುವ ಸದ್ದು ಕೇಳಿಸಿತು. ಬೇಲಿಯ ಗೂಟ ಕಿತ್ತುಕೊಂಡು ಇಪ್ಪತ್ತು ಮೂವತ್ತು ಜನ ನನ್ನತ್ತ ಬರತೊಡಗಿದರು, ಅವರ ಹಿಂದೆ ಇನ್ನೂ ನೂರಾರು ಜನ. "ಬ್ರೆಂಟ್‌ಫೀಲ್ಡ್ ಕಳ್ಳ" ಎಂದು ಒಬ್ಬ ಕೂಗಿದ. ಮಾರ್ಷ್‌ನ ಹುಡುಗರು ಹಿಂದೆ ಸರಿದರು. ನಾನು ಒಬ್ಬನೇ ಉಳಿದೆ.

ಆಲ್ವಾ ಬದಿಯಿಂದ ಮೈದಾನದೊಳಕ್ಕೆ ನಡೆದು ಬಂದ. ಓಡಲಿಲ್ಲ. ನನ್ನ ಹತ್ತಿರ ಬರದೆ ನೇರವಾಗಿ ಹುಡುಗ ಎಸೆದ ಜಾಗಕ್ಕೆ ಹೋಗಿ ಬಗ್ಗಿ ಕೆಸರನ್ನು ನೋಡಿದ. ಒಂದು ಹೆಜ್ಜೆ ಮುಂದಿಟ್ಟು ಅಲ್ಲಿಯೇ ಕಾಲೂರಿ ನಿಂತ. ಕೈಯೆತ್ತಿದ. ಜನ ನಿಂತರು.

"ನಾಲ್ಕೂವರೆ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. "ರೆಫರಿ ಹೇಳಿದ್ದೇ ಸರಿ. ಗುರುತು ಇಲ್ಲಿದೆ, ನಾನೇ ನೋಡಿದೆ. ಚೆಂಡು ಮಾರ್ಷ್‌ನೋರದು. ಬೇಲಿ ಕಿತ್ತೋರು ವಾಪಸ್ ನೆಟ್ಟು ಹೋಗಿ."

ಸೋತ ಕೋಚೇ ಹಾಗೆ ಹೇಳಿದ ಮೇಲೆ ಯಾರು ಏನು ಮಾಡುತ್ತಾರೆ? ಆಟ ಆರು ಐದಕ್ಕೇ ಮುಗಿಯಿತು. ಅವನು ನನ್ನ ಮೊಣಕೈ ಹಿಡಿದು ಸ್ಟೇಷನ್ನಿನವರೆಗೆ ಬಂದು ರೈಲು ಹತ್ತಿಸಿದ. ದಾರಿಯಲ್ಲಿ ಆಟದ ಮಾತೆತ್ತಲಿಲ್ಲ, ಹೆಸ್ಟರಳ ಕೆಮ್ಮು ಹೇಗಿದೆ ಎಂದು ಕೇಳಿದ.

ರೈಲಿನಲ್ಲಿ ನನಗೆ ನಾನೇ ಹೇಳಿಕೊಂಡೆ: ಕಾಣದೆ ಹೇಳಿದೆ, ಆದರೂ ಹೇಳಿದ್ದು ನಿಜವೇ ಆಗಿತ್ತು. ಅವನೇ ಗುರುತು ನೋಡಿದನಲ್ಲ. ಮನೆಗೆ ಬಂದು ಹೆಸ್ಟರಳಿಗೂ ಹಾಗೆಯೇ ಹೇಳಿದೆ. ಅವಳು ನನ್ನ ಮುಂದಿನ ತಟ್ಟೆ ನೋಡಿದಳು.

"ಸರಿಯಾದ್ದೇ ಹೇಳಿದೀಯ ಅಂದ್ಮೇಲೆ ಊಟ ಯಾಕೆ ಸೇರ್ತಿಲ್ಲ?"

ಜನವರಿಯಲ್ಲಿ ಲಿನ್‌ಡೇಲ್ ಆಲ್ವಾನನ್ನು ಕೆಲಸದಿಂದ ಬಿಡಿಸಿತು. ಕೈಗೆ ಬಂದ ವರ್ಷವನ್ನು ಸ್ವಂತ ಕೋಚೇ ಎದುರಿನವರಿಗೆ ಕೊಟ್ಟ ಎಂಬ ಸಿಟ್ಟು ಅಲ್ಲಿನವರಿಗೆ ಇಳಿದಿರಲಿಲ್ಲ. ಅವನು ಕಬ್ಬಿಣದ ಒಲೆ ಮಾರುವ ಕಂಪನಿಯೊಂದಕ್ಕೆ ಸೇರಿ ಊರೂರು ತಿರುಗತೊಡಗಿದ. ಸುದ್ದಿ ಕೇಳಿದಾಗ ನನಗೆ ಏನಾಯಿತು ಎಂದು ಮುಚ್ಚಿಡುವುದಿಲ್ಲ. ಸಂತೋಷವಾಯಿತು. ಮೂರು ದಿನ ಇತ್ತು. ಕ್ಷೌರದಂಗಡಿಯಲ್ಲಿ ಅವನ ಬಗ್ಗೆ ಅಯ್ಯೋ ಪಾಪ ಅನ್ನುವಾಗ ನನ್ನ ದನಿ ಎಷ್ಟು ಮೆತ್ತಗಿತ್ತು ಎಂದು ನನಗೇ ಕೇಳಿಸಿತು.

ಬೇಸಿಗೆಯಲ್ಲಿ ಒಂದು ಎಲ್ಲೆಯ ತಕರಾರಿಗೆ ಪಕ್ಕದ ಕೌಂಟಿಗೆ ಹೋಗಿದ್ದೆ. ಮಧ್ಯಾಹ್ನ ಅಲ್ಲಿನ ಹೋಟೆಲಿನಲ್ಲಿ ಊಟಕ್ಕೆ ಕೂತರೆ ಎದುರಿನ ಮೇಜಿನಲ್ಲಿ ಆಲ್ವಾ. ಒಲೆಗಳ ಚಿತ್ರಗಳಿದ್ದ ದಪ್ಪ ಪುಸ್ತಕ ಅವನ ಪಕ್ಕದಲ್ಲಿತ್ತು. ಎದ್ದು ಬಂದು ನನ್ನ ಮೇಜಿಗೇ ಕೂತ. ಹಂದಿಮಾಂಸ, ಬೀನ್ಸ್ ತಿಂದೆವು. ಅವನ ಕೂದಲು ಕಿವಿಯ ಬಳಿ ಬೆಳ್ಳಗಾಗಿತ್ತು. ಆಟದ ಮಾತು ಎತ್ತಿದವನು ನಾನೇ.

"ಆವತ್ತು ನೀನು ಗುರುತು ನೋಡಿ ಹೇಳ್ದೆ ಹೋಗಿದ್ರೆ ನನ್ನ ಕಥೆ ಮುಗೀತಿತ್ತು."

ಅವನು ನಕ್ಕ. "ಗುರುತಾ? ಆರು ಗಜ ಇತ್ತು ಕಣೋ. ಆರಕ್ಕಿಂತ ಜಾಸ್ತಿನೇ. ಹುಡುಗನ ಹಿಮ್ಮಡಿ ಐದು ಗಜದ ಗೆರೆಯಿಂದ ಇಷ್ಟು ಆಚೆ ಊರಿತ್ತು. ಯಾರೂ ನೋಡಬಾರ್ದು ಅಂತ ಅದರ ಮೇಲೇ ನಿಂತ್ಕೊಂಡೆ."

ನಾನು ಫೋರ್ಕು ಕೆಳಗಿಟ್ಟೆ. "ಮತ್ತೆ ಯಾಕೆ ಹಾಗೆ ಹೇಳಿದೆ?"

"ಅವರ ಕೈಲಿದ್ದ ಗೂಟ ನೋಡಿದ್ಯಾ? ಕಾನ್ಸಾಸ್‌ನಲ್ಲಿ ಒಬ್ಬ ರೆಫರಿಗೆ ಹೀಗೇ ಕಣ್ಣು ಹೋಗಿದ್ದು ನೋಡಿದೀನಿ. ಆಟ ಬರೋ ವರ್ಷಾನೂ ಇರತ್ತೆ." ಬ್ರೆಡ್ಡು ಮುರಿಯುತ್ತ ಅಂದ, "ನಿನ್ನ ತಪ್ಪೇನಿಲ್ಲ ಬಿಡು. ಆ ಮಳೇಲಿ ಯಾರಿಗೆ ತಾನೆ ಕಾಣತ್ತೆ. ನಿನಗೆ ಕಂಡಿದ್ದು ನೀನು ಹೇಳಿದೆ."

ಆಗಲೇ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಇವನು ನನಗೆ ಜೀವ ಉಳಿಸಿಕೊಟ್ಟಿದ್ದಾನೆ, ಕೆಲಸ ಕಳೆದುಕೊಂಡಿದ್ದಾನೆ, ಈಗ ಕ್ಷಮೆಯನ್ನೂ ನಾನು ಕೇಳುವ ಮೊದಲೇ ಬ್ರೆಡ್ಡಿನ ಜೊತೆ ಕೊಡುತ್ತಿದ್ದಾನೆ. ಇನ್ನು ನನಗೆ ಉಳಿದದ್ದೇನು? ಊಟ ಮುಗಿಸಿ ಎದ್ದೆ.

ಮನೆಗೆ ಬಂದು ಲಿನ್‌ಡೇಲಿನ ಪತ್ರಿಕೆಗೆ ಕಾಗದ ಬರೆದೆ. ಎಸೆತ ನ್ಯಾಯವಾಗಿತ್ತು, ಆರು ಗಜವಿತ್ತು, ಕಣ್ಣಿಗೆ ಕೆಸರು ಹಾರಿದ್ದರಿಂದ ನಾನು ತಪ್ಪಾಗಿ ಹೇಳಿದೆ, ಕ್ರೊವೆಲ್ ನನ್ನನ್ನು ಉಳಿಸಲು ಸುಳ್ಳು ಹೇಳಿದರು ಎಂದು ಬರೆದೆ. ಕೆಸರನ್ನು ಬರೆದೆ, ಹೊಟ್ಟೆಕಿಚ್ಚನ್ನು ಬರೆಯಲಿಲ್ಲ. ಬರೆಯುವಾಗ ಇದು ಆಲ್ವಾನ ಒಳ್ಳೆಯದಕ್ಕೇ ಎಂದು ನಂಬಿದ್ದೆ. ನಂಬುವುದು ಕಷ್ಟವಾಗಲಿಲ್ಲ.

ಕಾಗದ ಅಚ್ಚಾಯಿತು. ನಮ್ಮೂರಿನ ಪತ್ರಿಕೆಯೂ ಹಾಕಿತು. ಭಾನುವಾರ ಪಾದ್ರಿಗಳು ಪ್ರವಚನದಲ್ಲಿ ನನ್ನ ಹೆಸರೆತ್ತಿ, ತನ್ನ ತಪ್ಪನ್ನು ತಾನೇ ಒಪ್ಪಿಕೊಂಡ ಪ್ರಾಮಾಣಿಕ ಎಂದರು. ಚರ್ಚಿನ ಮೆಟ್ಟಿಲ ಮೇಲೆ ಜನ ಸಾಲಾಗಿ ಬಂದು ಕೈ ಕುಲುಕಿದರು. ಸುಳ್ಳು ಹೇಳುವುದಿಲ್ಲ, ಹಿತವಾಗಿತ್ತು. ಅಷ್ಟು ಜನ ನನ್ನ ಕೈ ಕುಲುಕಿದ್ದು ಅದೇ ಮೊದಲು.

ಗುರುವಾರ ಆಲ್ವಾ ನನ್ನ ಕಚೇರಿಗೆ ಬಂದ. ಬಾಗಿಲು ಹಾಕಿದ. ಕೂರಲಿಲ್ಲ. ಅವನು ಸಿಟ್ಟಾದದ್ದನ್ನು ನಾನು ಹದಿನಾರು ವರ್ಷದಲ್ಲಿ ನೋಡಿರಲಿಲ್ಲ.

"ನಮ್ಮ ಬ್ರೆಂಟ್‌ಫೀಲ್ಡ್ ಕಾಲೇಜಿನೋರು ನನ್ನ ಕೋಚ್ ಮಾಡ್ಕೋಬೇಕು ಅಂತಿದ್ರು. ಗೊತ್ತಾ ನಿನಗೆ?"

"ಇಲ್ಲ."

"ಈಗ ಬೇಡ ಅಂತಿದಾರೆ. ನಾಲ್ಕು ಸಾವಿರ ಜನರ ಮುಂದೆ ಸುಳ್ಳು ಹೇಳೋನು ಹುಡುಗರಿಗೆ ಏನು ಕಲಿಸ್ತಾನೆ ಅಂತ ಕೇಳಿದಾರೆ. ಕೇಳೋದು ತಪ್ಪಲ್ಲ. ಕೇಳಬೇಕಾದ್ದೇ."

"ನಾನು ಸತ್ಯ ಹೇಳಬೇಕು ಅಂತ..."

"ಸತ್ಯ ನಿಂದು, ಹೇಳ್ಕೋ. ಸುಳ್ಳು ನಂದು. ನನ್ನ ಸುಳ್ಳನ್ನ ಬೀದಿಗೆ ತರೋಕೆ ನೀನ್ಯಾರು? ಒಂದು ಮಾತು ಕೇಳಿ ಬರೀಬಹುದಿತ್ತಲ್ಲ. ನಾನೇನು ಚಂದ್ರಲೋಕದಲ್ಲಿದ್ನಾ?"

ಆಗ ಹೇಳಿದೆ. ಹೇಳಬೇಕೆಂದು ಯೋಚಿಸಿ ಹೇಳಿದ್ದಲ್ಲ, ಬಾಯಿಯಿಂದ ಬಿತ್ತು. "ನಾನು ನೋಡೇ ಇರ್ಲಿಲ್ಲ ಆಲ್ವಾ. ಕೆಸರು ಬಿದ್ದಿದ್ದು ನಿಜ. ಆದ್ರೆ ಸೀಟಿ ಊದಿದ್ದು ಅದಕ್ಕಲ್ಲ. ನೀನು ಕಣ್ಣು ಮುಚ್ಕೊಂಡು ನಿಂತಿದ್ದೆ ನೋಡು, ಅದನ್ನ ನೋಡಿ ಊದಿದೆ. ಹೊಟ್ಟೆಕಿಚ್ಚಿಗೆ."

ಅವನು ನನ್ನನ್ನು ನೋಡಿದ. ಅರ್ಥವಾಗದ ಭಾಷೆಯಲ್ಲಿ ಯಾರೋ ಮಾತಾಡಿದ ಹಾಗೆ.

"ನನ್ನ ಮೇಲೆ ಹೊಟ್ಟೆಕಿಚ್ಚಾ?" ಅಂದ. "ಒರಿನ್, ನಾನು ಒಲೆ ಮಾರ್ತೀನಿ."

ಟೋಪಿ ಹಾಕಿಕೊಂಡು ಹೋದ. ಬಾಗಿಲನ್ನು ಮೆಲ್ಲಗೇ ಎಳೆದುಕೊಂಡ.

ಸಂಜೆ ಹೆಸ್ಟರಳಿಗೆ ಎಲ್ಲವನ್ನೂ ಹೇಳಿದೆ. ಅವಳಿಗೆ ಆಶ್ಚರ್ಯವಾಗಲಿಲ್ಲ. "ನನಗೆ ಹೇಳಿ ಏನು ಪ್ರಯೋಜನ? ನಾನೇನು ಕೋಚ್ ನೇಮಿಸೋಳಾ? ಹೇಳಬೇಕಾದವರ ಹತ್ರ ಹೋಗಿ ಹೇಳು. ಆ ಪಾದ್ರಿಗಳೂ ಅಲ್ಲೇ ಇರ್ತಾರೆ, ಒಂದೇ ಸಲಕ್ಕೆ ಮುಗಿಯತ್ತೆ."

ಕಾಲೇಜಿನ ಆಡಳಿತ ಮಂಡಳಿ ಸೋಮವಾರ ಬೆಳಿಗ್ಗೆ ಸೇರುತ್ತಿತ್ತು. ಅಧ್ಯಕ್ಷರು ಡಾಕ್ಟರ್ ಎಲ್ಡ್ರಿಡ್ಜ್, ನಮಗೆ ಗ್ರೀಕ್ ಕಲಿಸಿದ ಮುದುಕರು. ಮೇಜಿನ ಸುತ್ತ ಒಂಬತ್ತು ಜನ, ಅವರಲ್ಲಿ ಪಾದ್ರಿಗಳೂ ಒಬ್ಬರು. ನನ್ನನ್ನು ನೋಡಿ ಎಲ್ಲರೂ ನಗುಮುಖದಿಂದ ತಲೆಯಾಡಿಸಿದರು. ಪ್ರಾಮಾಣಿಕ ಬಂದನಲ್ಲ.

"ಹೇಳಿ ಟೇಟ್ ಅವರೇ" ಎಂದರು ಅಧ್ಯಕ್ಷರು. "ಕ್ರೊವೆಲ್ ವಿಷಯ ತಾನೆ?"

"ನನ್ನ ವಿಷಯ ಸ್ವಾಮಿ. ನಾನು ಬರೆದ ಕಾಗದ ಅರ್ಧ ಸತ್ಯ. ಇನ್ನರ್ಧ ಹೇಳೋಕೆ ಬಂದೆ."

ನಿಂತುಕೊಂಡೇ ಹೇಳಿದೆ. ಪೈಯಿಂದ ಶುರುಮಾಡಿ ಹೇಳಿದೆ, ಯಾಕೆಂದರೆ ಅದಿಲ್ಲದೆ ಉಳಿದದ್ದು ತಿಳಿಯುವುದಿಲ್ಲ. ಯಾರೋ ಒಬ್ಬರು ಪೈ ಎಂದಾಗ ನಕ್ಕು ಕೆಮ್ಮಿದರು. ಅಮ್ಮನ ಕಡೆಯ ಮಾತನ್ನೂ ಬಿಡದೆ ಹೇಳಿದೆ. ಸೀಟಿಯವರೆಗೆ ಬಂದು ನಿಲ್ಲಿಸಿದೆ. ಪಾದ್ರಿಗಳು ತಮ್ಮ ಬೂಟಿನ ತುದಿ ನೋಡುತ್ತಿದ್ದರು.

ಮೂಲೆಯಲ್ಲಿ ಕೂತಿದ್ದ ಜಡ್ಜ್ ಸ್ಟೈಲ್ಸ್ ಕೇಳಿದರು, "ಅಂದ್ರೆ ಕ್ರೊವೆಲ್ ಸುಳ್ಳು ಹೇಳಿದ್ದು ಒಬ್ಬ ಮೋಸಗಾರನ್ನ ಉಳಿಸೋಕೆ."

"ಹೌದು ಸ್ವಾಮಿ. ಮೋಸಗಾರ ಅಂತ ಅವನಿಗೆ ಗೊತ್ತಿರ್ಲಿಲ್ಲ. ತಪ್ಪು ಮಾಡಿದ ಗೆಳೆಯ ಅಂದ್ಕೊಂಡಿದ್ದ."

"ಈಗ ಗೊತ್ತೋ?"

"ಗುರುವಾರ ಹೇಳಿದೆ."

"ಏನಂದ?"

"ನಾನು ಒಲೆ ಮಾರ್ತೀನಿ ಅಂದ. ಹೋದ."

ಜಡ್ಜ್ ಅಧ್ಯಕ್ಷರ ಕಡೆ ತಿರುಗಿ, "ನನ್ನ ಕೋರ್ಟಿನಲ್ಲಿ ನಲವತ್ತು ವರ್ಷ ಸುಳ್ಳು ಕೇಳಿದೀನಿ. ತನಗೇ ನಷ್ಟ ಆಗೋ ಸುಳ್ಳು ಹೇಳಿದೋರು ಒಬ್ಬರೂ ಸಿಕ್ಕಿರ್ಲಿಲ್ಲ. ಅವನನ್ನ ಕರೆಸಿ" ಅಂದರು.

ಕರೆಸಿದರು. ನನ್ನನ್ನು ರೆಫರಿಗಳ ಪಟ್ಟಿಯಿಂದ ತೆಗೆದರು, ಅದು ಸರಿಯಾದದ್ದೇ. ಊರಿನಲ್ಲಿ ನನಗೆ 'ಸೀಟಿ ಟೇಟ್' ಎಂಬ ಹೆಸರು ಬಿತ್ತು. ಎಲ್ಲೆ ಅಳೆಸಲು ಬಂದ ರೈತರು ಸಹ, "ನಾಲ್ಕೂವರೆ ಅನ್ಬೇಡ ಮಾರಾಯ" ಎಂದು ಹಲ್ಲು ಕಿರಿಯುತ್ತಿದ್ದರು. ಮೊದಮೊದಲು ಮೈ ಉರಿಯುತ್ತಿತ್ತು, ಆಮೇಲೆ ನಾನೂ ನಗಲು ಕಲಿತೆ.

ಆಲ್ವಾ ಬ್ರೆಂಟ್‌ಫೀಲ್ಡಿನಲ್ಲಿ ಹನ್ನೊಂದು ವರ್ಷ ಕೋಚ್ ಆಗಿದ್ದ. ಅವನ ಹುಡುಗರಲ್ಲಿ ನಾಲ್ವರು ಮುಂದೆ ತಾವೇ ಕೋಚುಗಳಾದರು. ಆ ಕಾಲದಲ್ಲಿ ನಮ್ಮ ಮೈದಾನದಲ್ಲಿ ಒಬ್ಬ ಹುಡುಗನೂ ಸಾಯಲಿಲ್ಲ. ಅವನು ತನ್ನ ಲೆಕ್ಕದಲ್ಲಿ ಗೆಲುವಿಗಿಂತ ಮೊದಲು ಅದನ್ನು ಹೇಳುತ್ತಿದ್ದ ಎಂದು ಕೇಳಿದ್ದೇನೆ. ಕೇಳಿದ್ದೇನೆ ಅನ್ನುವುದು ಯಾಕೆಂದರೆ ಮೊದಲ ವರ್ಷವೆಲ್ಲ ನನ್ನೊಡನೆ ಅವನಿಗೆ ಮಾತಿರಲಿಲ್ಲ. ಅದೇ ಊರು, ಅದೇ ಚರ್ಚು. ಎದುರಾದರೆ ಟೋಪಿ ಮುಟ್ಟುತ್ತಿದ್ದ, ಅಷ್ಟೆ. ನಾನು ಪ್ರತಿ ಆಟಕ್ಕೂ ಹೋಗಿ ಹಿಂದಿನ ಸಾಲಿನಲ್ಲಿ ಕೂರುತ್ತಿದ್ದೆ. ಗೆದ್ದಾಗ ಚಪ್ಪಾಳೆ ತಟ್ಟುತ್ತಿದ್ದೆ. ಕೈ ತಟ್ಟುತ್ತಲೇ ಜನ ಅವನ ಹೆಸರು ಎಷ್ಟು ಸಲ ಕೂಗಿದರೆಂದು ಎಣಿಸುತ್ತಿದ್ದೆ. ಊರೆದುರು ಒಪ್ಪಿಕೊಂಡ ಮಾತ್ರಕ್ಕೆ ಹೊಟ್ಟೆಕಿಚ್ಚು ಹೋಗುತ್ತದೆ ಎಂದು ನಾನು ಯಾಕೆ ಅಂದುಕೊಂಡಿದ್ದೆನೋ.

ಹೀಗೆ ಒಂದು ವರ್ಷ ನಡೆಯಿತು. ಎರಡನೇ ಡಿಸೆಂಬರಿನಲ್ಲಿ, ಅವನ ತಂಡ ಲಿನ್‌ಡೇಲನ್ನು ಅವರ ಮೈದಾನದಲ್ಲೇ ಸೋಲಿಸಿ ಬಂದ ಮೇಲೆ, ಒಂದು ಬೆಳಿಗ್ಗೆ ಸ್ಟೇಷನ್ನಿನಲ್ಲಿ ಎದುರಾದೆವು. ಹಿಮ ಬೀಳುತ್ತಿತ್ತು. ಅವನು ಎಲ್ಲಿಗೋ ಹೊರಟಿದ್ದ, ನಾನು ಹೊಸ ಸರಪಳಿಯ ಪಾರ್ಸೆಲ್ ಬಿಡಿಸಿಕೊಳ್ಳಲು ಹೋಗಿದ್ದೆ. ಪ್ಲಾಟ್‌ಫಾರ್ಮಿನಲ್ಲಿ ಬೇರೆ ಯಾರೂ ಇರಲಿಲ್ಲ. ಅವನು ಟೋಪಿ ಮುಟ್ಟಿದ. ನಾನೂ ಮುಟ್ಟಿದೆ. ರೈಲು ತಡವಾಗಿತ್ತು.

"ಹೆಸ್ಟರ್ ಹೇಗಿದಾಳೆ?" ಎಂದು ಕೇಳಿದ.

"ಚೆನ್ನಾಗಿದಾಳೆ. ಕೆಮ್ಮು ಈ ಸಲ ಕಡಿಮೆ."

"ಈ ಚಳೀಲಿ ಹೊರಗೆ ಬಿಡಬೇಡ ಅವಳನ್ನ."

"ನನ್ನ ಮಾತೆಲ್ಲಿ ಕೇಳ್ತಾಳೆ."

ಅವನ ತುಟಿಯಲ್ಲಿ ಸ್ವಲ್ಪ ನಗು ಬಂತು. ಇಬ್ಬರೂ ಹಳಿಯ ಕಡೆ ನೋಡುತ್ತ ನಿಂತೆವು. ರೈಲು ಬಂದಾಗ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿ, "ಕ್ರಿಸ್‌ಮಸ್ ಆದ್ಮೇಲೆ ಒಂದು ದಿನ ಬರ್ತೀನಿ ಅಂತ ಅವಳಿಗೆ ಹೇಳು" ಅಂದು ಒಳಗೆ ಹೋದ.

ಮನೆಗೆ ನಡೆಯುವಾಗ ಎದೆ ಹಗುರಾಗಿತ್ತು. ಸೇತುವೆ ದಾಟುವವರೆಗೂ ಹಾಗೆಯೇ ಇತ್ತು. ಅಲ್ಲಿ ಗಾಳಿ ಜೋರಾಗಿ ಬೀಸಿತು. ನಾನು ಕಾಲರ್ ಎತ್ತಿಕೊಂಡೆ. ಆಗ ಅವನು ತೊಟ್ಟಿದ್ದ ಕೋಟು ಕಣ್ಣಮುಂದೆ ಬಂತು. ಮೊಣಕಾಲಿನವರೆಗೆ ಬರುವ ರಕೂನ್ ಎಂಬ ಕಾಡುಪ್ರಾಣಿಯ ತುಪ್ಪಳದ ಕೋಟು, ಗೆದ್ದ ಖುಷಿಗೆ ಹುಡುಗರೆಲ್ಲ ಸೇರಿ ಹೊಲಿಸಿಕೊಟ್ಟದ್ದಂತೆ. ಅಂಥ ಕೋಟು ನಮ್ಮೂರಿನಲ್ಲಿ ಇನ್ನೊಬ್ಬರ ಹತ್ತಿರ ಇರಲಿಲ್ಲ.